ಕರಿ ಡಬ್ಬಿಯ ಬೆಲೆ

ನಮ್ಮ ಅಂಗಡಿಯಲ್ಲಿ ಮಾವನವರು ಬದುಕಿದ್ದಾಗ ಮಾಡಿಟ್ಟ ಪದ್ಧತಿಯೊಂದಿದೆ. ಕಂಪ್ಯೂಟರಿನ ಪ್ರೊಸೆಸರ್ ಮಾಡುವ ಎರಡು ಕಂಪನಿಗಳಲ್ಲಿ ಕರಿ ಡಬ್ಬಿಯದು ಭಾವನಿಗೆ, ಬಿಳಿ ಡಬ್ಬಿಯದು ನನ್ನ ಗಂಡನಿಗೆ. ದಿನಾ ಬೆಳಿಗ್ಗೆ ಅಣ್ಣತಮ್ಮಂದಿರು ತಂತಮ್ಮ ಹಲಗೆಯ ಮೇಲೆ ಬೆಲೆ ಬರೆಯಬೇಕು. ವರ್ಷದಲ್ಲಿ ಹೆಚ್ಚು ಮಾರಿದವನಿಗೆ ಬಾಗಿಲ ಪಕ್ಕದ ಕೌಂಟರು, ಇನ್ನೊಬ್ಬನಿಗೆ ಗೋದಾಮಿನ ಪಕ್ಕದ್ದು.

ಆರು ವರ್ಷ ನಾವು ಗೋದಾಮಿನ ಪಕ್ಕ ಕೊಳೆತೆವು. ಬಿಳಿ ಡಬ್ಬಿ ಕೇಳಿಕೊಂಡು ಬಂದವರಿಗೆ ಭಾವ, "ಹಿಂದೆ ಹೋಗಿ. ಪಾಪ, ನನ್ನ ತಮ್ಮಂಗೂ ಬೋಣಿಯಾಗಲಿ" ಎನ್ನುತ್ತಿದ್ದ. ನನ್ನ ಗಂಡ ಹಲ್ಲು ಕಿರಿಯುತ್ತಿದ್ದ. ನಾನು ಹಲ್ಲು ಕಡಿಯುತ್ತಿದ್ದೆ.

ಆಮೇಲೆ ಬಿಳಿ ಡಬ್ಬಿಯ ಹೊಸ ತಲೆಮಾರು ಬಂತು. ಒಳಗೆ ಲೆಕ್ಕ ಮಾಡುವ ಕೋರ್ ನಾಲ್ಕೇ, ಆದರೂ ಭಾವನ ಎಂಟು ಕೋರಿನದಕ್ಕಿಂತ ಚುರುಕು, ಬೆಲೆ ಅದರ ಅರ್ಧ. ಭಾವನ ಹತ್ತಿರ ಹಳೆಯವು ನಲವತ್ತು ಉಳಿದುಬಿಟ್ಟವು. ಅವನ್ನು ಕೊಳ್ಳುತ್ತೇನೆಂದಿದ್ದು ಒಂದು ಶಾಲೆ ಮಾತ್ರ.

ಶಾಲೆಯ ಗುಮಾಸ್ತ ಬರುವ ಹಿಂದಿನ ಸಂಜೆ ಭಾವ ತಮ್ಮನ ಜೊತೆ ಗುಸುಗುಸು ಮಾತಾಡಿದ. ನನ್ನ ಕಿವಿಗೆ ಬಿದ್ದದ್ದು ಇಷ್ಟೇ: "ಅವನು ಬಂದು ಹೋಗೋವರೆಗೂ ಹೊಸದರ ಬೆಲೆ ಬರೀಬೇಡ ಕಣೋ." ನನ್ನ ಗಂಡ ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಬೆಳಿಗ್ಗೆ ಗಂಡ ಯಾವುದೋ ಆಫೀಸಿಗೆ ರಿಪೇರಿಗೆ ಹೋದ. ಸೀಮೆಸುಣ್ಣ ತೆಗೆದುಕೊಂಡು ನಮ್ಮ ಹಲಗೆಯ ಮೇಲೆ ಹೊಸದರ ಬೆಲೆ ನಾನೇ ಬರೆದೆ, ದಪ್ಪ ಅಕ್ಷರದಲ್ಲಿ. ಗುಮಾಸ್ತ ಎರಡೂ ಹಲಗೆ ಓದಿ ನೇರ ನನ್ನ ಹತ್ತಿರ ಬಂದ.

"ಈ ಬಿಳಿದೇ ನಲವತ್ತು ಕೊಡಿ."

ಭಾವನ ಮುಖ ನೋಡುತ್ತಲೇ ಬಿಲ್ ಬರೆದೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. "ಇನ್ನು ನಿಮ್ಮವಕ್ಕೆ ಗುಜರಿಯವನೇ ಗತಿ, ಭಾವ. ತೂಕಕ್ಕೆ ಹಾಕಿಬಿಡೋಣ" ಎಂದು ಪಾರ್ಸೆಲ್ ತೂಗುವ ತಕ್ಕಡಿ ಎಳೆದುಕೊಂಡೆ. ಆ ಪ್ರೊಸೆಸರುಗಳ ಅಡಿಯಲ್ಲಿ ಕೂದಲಿನಷ್ಟು ತೆಳು ಪಿನ್ನುಗಳಿರುತ್ತವೆ, ಬಾಗಿದರೆ ಕಂಪ್ಯೂಟರಿನ ಬೋರ್ಡಿನಲ್ಲಿ ಕೂರುವುದಿಲ್ಲ. ಗೊತ್ತಿದ್ದೇ ಒಂದೊಂದು ಕರಿ ಡಬ್ಬಿ ಹರಿದು ಒಳಗಿನದನ್ನು ತಕ್ಕಡಿಗೆ ಎಸೆದೆ, ಮೇಲಿಂದ ಅಂಗೈಯಲ್ಲಿ ಒತ್ತಿದೆ. ನಲವತ್ತೂ ಮುಗಿಯುವವರೆಗೆ ಭಾವ ಕೈಕಟ್ಟಿ ನಿಂತು ನೋಡಿದ.

"ಆಯ್ತೇನಮ್ಮ?" ಎಂದ ಆಮೇಲೆ. "ನಿನ್ನೆ ಸಂಜೆಯಿಂದ ಅವು ನಿನ್ನ ಗಂಡಂದು. ನಾನು ಅಂಗಡಿ ಬಿಡ್ತೀನಿ, ಮಾಲು ತಗೋ ಅಂದೆ. ಮನೆ ಕಟ್ಟೋಕೆ ಇಟ್ಟಿದ್ದ ದುಡ್ಡು ತಂದುಕೊಟ್ಟ. ಬಾಗಿಲ ಪಕ್ಕದ ಕೌಂಟರಲ್ಲಿ ನಿನ್ನ ಕೂರಿಸಬೇಕಂತೆ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ವಲ್ಲ."

ಗಂಡ ಯಾವಾಗ ಬಂದನೋ, ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ. ತಕ್ಕಡಿಯಿಂದ ಒಂದನ್ನು ಎತ್ತಿಕೊಂಡು, ಬಾಗಿದ ಪಿನ್ನನ್ನು ಉಗುರಿನಿಂದ ಮೆಲ್ಲಗೆ ನೆಟ್ಟಗೆ ಮಾಡಲು ನೋಡಿದ. ಅದು ಮುರಿದು ಅವನ ಉಗುರಿಗೆ ಅಂಟಿಕೊಂಡಿತು. ಅವನು ಇನ್ನೊಂದನ್ನು ಎತ್ತಿಕೊಂಡ.