ಕೈಗಡ ಹೋದ ಇಕ್ಕಳ

ನಾನು ಒಂದು ಇಕ್ಕಳ. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವ ಅಡುಗೆಮನೆಯ ಇಕ್ಕಳವಲ್ಲ, ಆಸ್ಪತ್ರೆಯದು. ನೋಡಲು ಕತ್ತರಿಯ ಹಾಗಿದ್ದೇನೆ, ಆದರೆ ನನ್ನಿಂದ ಒಂದು ನೂಲನ್ನೂ ಕತ್ತರಿಸಲಾಗದು. ಬೆರಳು ತೂರಿಸಲು ಎರಡು ಬಳೆ, ಹಿಡಿಯಲು ಗೀರುಗೀರಾದ ಎರಡು ದವಡೆ, ಬಳೆಗಳ ಹತ್ತಿರ ಒಂದಕ್ಕೊಂದು ಕಚ್ಚಿಕೊಳ್ಳುವ ಸಣ್ಣ ಹಲ್ಲು, ಇಷ್ಟೇ ನನ್ನ ಮೈ. ರಕ್ತ ಚಿಮ್ಮುವ ನಾಳವನ್ನು ದವಡೆಗೆ ಸಿಕ್ಕಿಸಿ ಒತ್ತಿದರೆ ಕಟಕ್ಕೆಂದು ಕೂತುಬಿಡುತ್ತೇನೆ. ಡಾಕ್ಟರು ದಾರ ಕಟ್ಟಿ ಮುಗಿಸುವವರೆಗೆ ಬಿಡುವುದಿಲ್ಲ. ಆಸ್ಪತ್ರೆಯವರು ನಮ್ಮನ್ನು ‘ಆರ್ಟರಿ’ ಎಂದು ಕರೆಯುತ್ತಾರೆ. ಆ ಹೆಸರಿನ ಬಗ್ಗೆ ನನ್ನ ತಕರಾರೇನಿಲ್ಲ.

ಉತ್ತರದ ಯಾವುದೋ ಊರಿನಲ್ಲಿ, ತಗಡು ಹೊದಿಸಿದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಕೆಂಪಗೆ ಕಾದ ಉಕ್ಕನ್ನು ಅಚ್ಚಿನಲ್ಲಿಟ್ಟು ಬಡಿದರು, ಉಜ್ಜಿದರು, ಮುಖ ಕಾಣುವಷ್ಟು ಹೊಳಪು ಕೊಟ್ಟರು. ಕೊನೆಗೆ ಕನ್ನಡಕದ ಮುದುಕನೊಬ್ಬ ನನ್ನ ದವಡೆಗೆ ತೆಳು ಕಾಗದ ಸಿಕ್ಕಿಸಿ ಎಳೆದು ನೋಡಿದ. ಕಾಗದ ಹರಿಯಿತು, ನಾನು ಬಿಡಲಿಲ್ಲ. ಮುದುಕ ತಲೆಯಾಡಿಸಿ ನನ್ನನ್ನು ಒಳ್ಳೆಯವುಗಳ ರಾಶಿಗೆ ಎಸೆದ. ಆವತ್ತು ನನಗೆ ಬಂದ ಜಂಬ ಬಹಳ ವರ್ಷ ಇಳಿಯಲಿಲ್ಲ.

ಪೆಟ್ಟಿಗೆಯಲ್ಲಿ ಕೂತು ನಾನು ಬಂದಿಳಿದದ್ದು ಕಲಬುರಗಿ ಸೀಮೆಯ ಒಂದು ತಾಲೂಕು ಆಸ್ಪತ್ರೆಗೆ. ಊರಿನ ಹೆಸರು ಬೇಡ. ಸುತ್ತಲೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳು, ಊರೆಲ್ಲ ಬಿಳಿ ಧೂಳು. ನನ್ನನ್ನು ಹೆರಿಗೆ ಕೋಣೆಗೆ ಹಾಕಿದರು. ಅಲ್ಲಿ ನನ್ನ ಕೆಲಸ ಹೊಕ್ಕುಳಬಳ್ಳಿ ಹಿಡಿಯುವುದು. ನಾನು ಹಿಡಿದ ಮೇಲೆ ಬಳ್ಳಿ ಕತ್ತರಿಸುತ್ತಿದ್ದರು, ಕೂಸು ಅಳುತ್ತಿತ್ತು, ಹೊರಗೆ ಕೂತವರು ಗಂಡೋ ಹೆಣ್ಣೋ ಎಂದು ಬಾಗಿಲು ಬಡಿಯುತ್ತಿದ್ದರು. ಅವು ನನ್ನ ಸುಖದ ದಿನಗಳು.

ಪಕ್ಕದಲ್ಲೇ ಆಪರೇಷನ್ ಕೋಣೆ. ಅದರ ಯಜಮಾನಿ ಸುವಾರ್ತಮ್ಮ ಸಿಸ್ಟರ್. ಕುಳ್ಳಗಿನ ಹೆಂಗಸು, ಇಪ್ಪತ್ತೇಳು ವರ್ಷದ ಸರ್ವೀಸು. ಹೊಟ್ಟೆ ಮುಚ್ಚುವ ಮುಂಚೆ ಒಳಗೆ ಹೋದ ಅರಿವೆ, ಸೂಜಿ, ಆರ್ಟರಿ ಎಲ್ಲವೂ ಹೊರಗೆ ಬಂದಿವೆಯೇ ಎಂದು ಎಣಿಸುವುದು ಅವರ ಪಾಲಿನ ಕೆಲಸ. ಅವರ ಎಣಿಕೆ ಒಂದು ಸಲವೂ ತಪ್ಪಿರಲಿಲ್ಲ. ಬೇರೆ ಆಸ್ಪತ್ರೆಯ ಹುಡುಗಿಯರನ್ನು ಇವರ ಹತ್ತಿರ ಕಲಿಯಲು ಕಳಿಸುತ್ತಿದ್ದರು. ಕೋಣೆಯ ಹತ್ತು ಆರ್ಟರಿಗಳು ಸಾಲದಾದಾಗ ಹೆರಿಗೆ ಕೋಣೆಯಿಂದ ಒಂದೋ ಎರಡೋ ತರಿಸುವರು. ಅದಕ್ಕೆ ಅವರಿಟ್ಟ ಹೆಸರು ಕೈಗಡ. ಸಹಾಯಕ್ಕಿದ್ದ ಆಯಾ ಹೆಂಗಸು ಗೋಡೆಯ ಕರಿಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯಬೇಕು. ಕೆಲಸ ಮುಗಿದು ನಾವು ಮರಳಿದ ಮೇಲೆ ಗೀಟು ಒರೆಸಬೇಕು.

ಹಾಗೆ ಕೈಗಡ ಹೋದಾಗಲೆಲ್ಲ ನಾನು ವಿಚಿತ್ರಗಳನ್ನು ಕಂಡಿದ್ದೇನೆ. ಒಬ್ಬನಿಗೆ ಎಮ್ಮೆ ಹಾಯ್ದು ಕರುಳು ಹೊರಗೆ ಬಂದಿತ್ತು. ಅವನು ಅದನ್ನು ತನ್ನ ರುಮಾಲಿನಲ್ಲೇ ಕಟ್ಟಿಕೊಂಡು ಎರಡು ಮೈಲಿ ನಡೆದು ಬಂದು, ಬೀಡಿ ಸೇದಬಹುದೇ ಎಂದು ಡಾಕ್ಟರನ್ನು ಕೇಳಿದ. ಹತ್ತನೆಯ ದಿನ ಎದ್ದು ಮನೆಗೆ ಹೋದ. ಇನ್ನೊಬ್ಬ ಪೈಲ್ವಾನ, ಸ್ವಲ್ಪ ಹೊಟ್ಟೆನೋವು ಎಂದು ನಗುತ್ತಾ ಮೇಜು ಹತ್ತಿದವನು ಸಂಜೆಗೆ ಹೆಣವಾದ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದಕ್ಕೆ ಆ ಕೋಣೆಯಲ್ಲಿ ಒಂದು ನ್ಯಾಯವೆಂಬುದೇ ಇರಲಿಲ್ಲ.

ಒಂದು ಮಧ್ಯಾಹ್ನ ಫರಸಿ ಹೇರಿಕೊಂಡು ಹೊರಟಿದ್ದ ಟೆಂಪೋ ತಿರುವಿನಲ್ಲಿ ಮಗುಚಿತು. ಇಬ್ಬರನ್ನು ತಂದರು. ಡ್ರೈವರನ ತೊಡೆ ಹರಿದು ರಕ್ತ ಸುರಿಯುತ್ತಿತ್ತು. ಇನ್ನೊಬ್ಬಳು ಕಲ್ಲಿನ ಮೇಲೆ ಕೂತು ಬರುತ್ತಿದ್ದ ಕೂಲಿ ಹೆಂಗಸು, ಜಗದೇವಿ. ವಯಸ್ಸು ಇಪ್ಪತ್ತಾರು. ಮೇಲೆ ಒಂದು ಗಾಯವಿಲ್ಲ, ಆದರೆ ಒಳಗೆ ಎಡಪಕ್ಕೆಯ ಕೆಳಗಿನ ಗುಲ್ಮ ಒಡೆದು ಹೊಟ್ಟೆ ತುಂಬ ರಕ್ತ. ಇದ್ದ ಸರ್ಜನ್ ಒಬ್ಬರೇ, ಡಾಕ್ಟರ್ ಪಟ್ಟಣಕರ್. ಡ್ರೈವರನನ್ನು ಸ್ಟ್ರೆಚರಿನ ಮೇಲೇ ಮಲಗಿಸಿ ಚಿಕ್ಕ ಡಾಕ್ಟರಿಗೆ ತೊಡೆ ಒತ್ತಿ ಹಿಡಿಯಲು ಹೇಳಿ, ಇವರು ಜಗದೇವಿಯ ಹೊಟ್ಟೆ ತೆರೆದರು.

“ಸಿಸ್ಟರ್, ಇನ್ನೊಂದು ಆರ್ಟರಿ!”

“ಮುಗದಾವ್ರಿ ಸರ್. ಕೈಗಡ ತರಸ್ತೀನಿ.”

ಕುದಿಸಿ ಇಟ್ಟಿದ್ದ ನನ್ನನ್ನು ತಂದು ಕೊಟ್ಟರು. ಗೀಟು ಎಳೆಯಬೇಕಾದ ಆಯಾ ರಕ್ತದ ಬಾಟಲಿ ತರಲು ಓಡಿದ್ದಳು. ಸುವಾರ್ತಮ್ಮನ ಎರಡೂ ಕೈಯಲ್ಲಿ ಗ್ಲೌಸು, ಸೀಮೆಸುಣ್ಣ ಮುಟ್ಟುವ ಹಾಗಿಲ್ಲ. ಹಲಗೆ ಖಾಲಿಯೇ ಉಳಿಯಿತು.

ನಾನು ನನ್ನ ಕೆಲಸ ಮಾಡಿದೆ. ಬೆನ್ನೆಲುಬಿನ ಹತ್ತಿರ, ಆಳದಲ್ಲಿ ಚಿಮ್ಮುತ್ತಿದ್ದ ನಾಳವನ್ನು ಕಚ್ಚಿ ಹಿಡಿದೆ. ಡಾಕ್ಟರು ದಾರ ಕಟ್ಟಿದರು, ನನ್ನ ಹಲ್ಲು ಬಿಡಿಸಿದರು. ಅದೇ ಹೊತ್ತಿಗೆ ಚಿಕ್ಕ ಡಾಕ್ಟರು ‘ಸರ್, ಇವನು ಹೋಗ್ತಾನೆ’ ಎಂದು ಕೂಗಿದರು. ಪಟ್ಟಣಕರ್ ಆ ಕಡೆ ತಿರುಗಿದರು, ಅವರ ಬೆರಳಿನಿಂದ ನಾನು ಜಾರಿದೆ. ಕರುಳಿನ ಸುರುಳಿಗಳು ನನ್ನ ಮೇಲೆ ಬಂದು ಕೂತವು.

“ಸಿಸ್ಟರ್, ಲೆಕ್ಕ?”

“ಅರಿವಿ ಸರಿ ಅವರಿ. ಸೂಜಿ ಸರಿ. ಆರ್ಟರಿ ಹತ್ತು, ಹತ್ತೂ ಅವರಿ ಸರ್.”

ಹತ್ತೂ ಇದ್ದವು, ಸುಳ್ಳಲ್ಲ. ನಾನು ಹನ್ನೊಂದನೆಯವನು. ಹೊಟ್ಟೆ ಹೊಲಿದರು. ಡ್ರೈವರ್ ಒಂದು ಕಾಲು ಕಳೆದುಕೊಂಡು ಬದುಕಿದ. ಜಗದೇವಿಯೂ ಬದುಕಿದಳು. ಒಂದೇ ಮಧ್ಯಾಹ್ನ ಎರಡು ಜೀವ ಉಳಿಸಿದರು ಎಂದು ಊರಿನವರು ಡಾಕ್ಟರಿಗೂ ಸಿಸ್ಟರಿಗೂ ಶಾಲು ಹೊದಿಸಿ ಸನ್ಮಾನ ಮಾಡಿದರಂತೆ.

ಅಲ್ಲಿಂದ ಹನ್ನೊಂದು ತಿಂಗಳು ನಾನು ಕಂಡದ್ದೇನೂ ಇಲ್ಲ, ಕೇಳಿದ್ದಷ್ಟೇ. ಬೆಚ್ಚಗಿನ ಕತ್ತಲು. ಅವಳು ನಡೆದರೆ ನಾನು ಅಲುಗಾಡುತ್ತಿದ್ದೆ, ಬಗ್ಗಿದರೆ ನನ್ನ ಮೊನೆ ಅವಳಿಗೆ ಚುಚ್ಚುತ್ತಿತ್ತು. ಚುಚ್ಚಬಾರದೆಂದು ನಾನು ಎಷ್ಟು ಬಯಸಿದರೂ ಉಕ್ಕಿಗೆ ಮೈ ಮುದುರಲು ಬರುವುದಿಲ್ಲ. ಅವಳು ಅಮ್ಮಾ ಎಂದು ಸಣ್ಣಗೆ ಉಸಿರೆಳೆದಾಗಲೆಲ್ಲ ನಾಚಿಕೆಯಿಂದ ಸತ್ತುಹೋಗುತ್ತಿದ್ದೆ.

ಕೂತು ರೊಟ್ಟಿ ಬಡಿಯಲು ಅವಳಿಗೆ ಆಗದಾಯಿತು. ಗಂಡ ಮಲ್ಕಣ್ಣ ಗಣಿಯಲ್ಲಿ ಕಲ್ಲು ಎಬ್ಬಿಸುವವನು, ಮಾತು ಕಡಿಮೆ. ಅವನು ಒಡೆದ ಫರಸಿಗಳನ್ನು ಹೊತ್ತು ತಂದು, ಸೊಂಟದೆತ್ತರಕ್ಕೆ ಒಂದರ ಮೇಲೊಂದು ಪೇರಿಸಿ, ಒಲೆಯನ್ನು ಅದರ ಮೇಲಿಟ್ಟ. ಅವಳು ನಿಂತೇ ರೊಟ್ಟಿ ಬಡಿದಳು. ಓಣಿಯ ಹೆಂಗಸರು ಬಂದು ನೋಡಿ, ಸಾಹುಕಾರ್ತಿ ಆದೆಯಲ್ಲ ಎಂದು ನಕ್ಕು ಹೋದರು. ಕೆಲವರು ಅದು ಟೆಂಪೋ ಬಿದ್ದಾಗಿನ ಅಂಜಿಕೆ, ತಾಯತ ಕಟ್ಟಿಸು ಎಂದರು. ಅದನ್ನೂ ಕಟ್ಟಿಸಿದರು.

“ಒಳಗ ಏನೋ ಅದ,” ಎನ್ನುತ್ತಿದ್ದಳು ಗಂಡನಿಗೆ. “ಯಾರೂ ನಂಬವಲ್ರು ನೋಡು.”

“ನಾ ನಂಬೀನಲ,” ಎನ್ನುತ್ತಿದ್ದ ಅವನು. ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ.

ಏಳನೆಯ ತಿಂಗಳು ಹೋದದ್ದು ನಾಲ್ಕನೆಯ ಸಲ. ಪಟ್ಟಣಕರ್ ಕೆಟ್ಟವರಲ್ಲ, ಆದರೆ ಹೊರಗೆ ಎಂಬತ್ತು ಜನರ ಸಾಲಿತ್ತು.

“ಮತ್ತ ನೀನೇ ಏನವಾ? ಹೊಲಿಗಿ ಚಂದಂಗಿ ಕೂಡ್ಯಾದ. ಅದು ಗ್ಯಾಸು. ತೊಗರಿ ಬ್ಯಾಳಿ ಕಡಿಮಿ ತಿನ್ನು.”

“ಗ್ಯಾಸ್ ಅಲ್ರಿ ಸಾಹೇಬ್ರ. ನನ್ನ ಹೊಟ್ಟ್ಯಾಗ ಏನೋ ಬಿಟ್ಟೀರಿ ನೀವು.”

ಡಾಕ್ಟರು ಗಟ್ಟಿಯಾಗಿ ನಕ್ಕರು. “ಸುವಾರ್ತಮ್ಮ ಇರೋ ಕೋಣ್ಯಾಗ ಒಂದು ಸೂಜೀನೂ ತಪ್ಪಂಗಿಲ್ಲ, ತಂಗಿ. ಬೇಕಾದ್ರ ಅವ್ರನ್ನೇ ಕೇಳು.”

ಎಕ್ಸ್‌ರೇ ತೆಗೆಯುತ್ತೀರಾ ಎಂದು ಮಲ್ಕಣ್ಣ ಕೇಳಿದ. ಫಿಲಂ ಮುಗಿದು ಎರಡು ತಿಂಗಳಾಯಿತು, ಇನ್ನೂ ಬಂದಿಲ್ಲ ಎಂದರು. ಸುವಾರ್ತಮ್ಮನನ್ನು ಕರೆದು, ಇವಳ ಹೊಟ್ಟೆ ಒಂದು ಸಲ ನೋಡಿ ಸಮಾಧಾನ ಹೇಳಿ ಕಳಿಸಿ ಎಂದು ಡಾಕ್ಟರು ಮುಂದಿನವರನ್ನು ಕೂಗಿದರು.

ಪರದೆಯ ಹಿಂದೆ ಜಗದೇವಿ ಮಲಗಿದಳು. ಸುವಾರ್ತಮ್ಮನ ಕೈ ಅವಳ ಹೊಟ್ಟೆಯ ಮೇಲೆ ಬಂತು. ಆ ಕೈ ನನಗೆ ಚೆನ್ನಾಗಿ ಗೊತ್ತು, ಎಷ್ಟು ಸಲ ನನ್ನನ್ನು ತೊಳೆದು ಒರೆಸಿ ಇಟ್ಟ ಕೈ. ಏಳು ತಿಂಗಳಲ್ಲಿ ಜಗದೇವಿಯ ಮೈ ಇಳಿದು ಹೊಟ್ಟೆ ಬೆನ್ನಿಗೆ ಹತ್ತಿತ್ತು, ನಾನು ಮೇಲಕ್ಕೆ ಸರಿದಿದ್ದೆ. ಬೆರಳು ಗಾಯದ ಗೆರೆ ದಾಟಿ ನನ್ನ ಬಳೆಯ ಮೇಲೆ ಬಂದು ನಿಂತಿತು. ಇನ್ನೊಮ್ಮೆ ಒತ್ತಿತು. ದುಂಡಗೆ ಸುತ್ತಿ ನೋಡಿತು. ಇಪ್ಪತ್ತೇಳು ವರ್ಷ ಅಂಥವೇ ಬಳೆಗಳಲ್ಲಿ ಬೆರಳಾಡಿಸಿದವರಿಗೆ ಅದು ಏನೆಂದು ತಿಳಿಯದಿರುತ್ತದೆಯೇ? ಹೇಳು ತಾಯಿ, ಬಾಯಿಬಿಟ್ಟು ಹೇಳು ಎಂದು ನಾನು ಒಳಗಿನಿಂದ ಅಂಗಲಾಚಿದೆ.

ಕೈ ಹಿಂದಕ್ಕೆ ಹೋಯಿತು.

“ಗ್ಯಾಸ್ ಇರ್ಬೇಕವ್ವ,” ಎಂದರು ಸುವಾರ್ತಮ್ಮ. “ಬಿಸಿನೀರು ಕುಡಿ.”

ಆಮೇಲೆ ನಾಲ್ಕು ತಿಂಗಳು. ಒಂದು ಬೆಳಗ್ಗೆ ಜಗದೇವಿಗೆ ವಾಂತಿ ಶುರುವಾಯಿತು, ಹೊಟ್ಟೆ ಕಲ್ಲಾಯಿತು. ಮಲ್ಕಣ್ಣ ಅವಳನ್ನು ಫರಸಿ ಲಾರಿಯ ಮುಂದಿನ ಸೀಟಿನಲ್ಲಿ ಮಲಗಿಸಿ ನೇರ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದ. ಅಲ್ಲಿ ಹೋದ ಕೂಡಲೇ ಎಕ್ಸ್‌ರೇ ತೆಗೆದರು. ಡಾಕ್ಟರುಗಳು ಫಿಲಂ ನೋಡಲು ಒಬ್ಬರನ್ನೊಬ್ಬರು ಕರೆಯುವುದು, ಪಿಸುಗುಟ್ಟುವುದು ನನಗೆ ಕೇಳಿಸುತ್ತಿತ್ತು. ನನಗೂ ತೋರಿಸಿ ಎಂದಳು ಜಗದೇವಿ. ತೋರಿಸಿದರು. ಕರಿಯ ಹಾಳೆಯಲ್ಲಿ ಬೆಳ್ಳಗೆ ನಾನಿದ್ದೆನಂತೆ, ಎರಡೂ ಬಳೆ ಸಮೇತ.

“ನೋಡು,” ಎಂದಳು ಗಂಡನಿಗೆ, ಆ ನೋವಿನಲ್ಲೂ ಗೆದ್ದವಳ ದನಿಯಲ್ಲಿ. “ನಾ ಹೇಳಿಲ್ಲೇನು?”

ಕರುಳಿನ ಒಂದು ಸುರುಳಿ ನನ್ನ ಬಳೆಯೊಳಗೆ ನುಸುಳಿ ಹೊರಳಿಕೊಂಡಿತ್ತು. ಬಳೆ ಅದನ್ನು ಉರುಲಿನ ಹಾಗೆ ಬಿಗಿದಿತ್ತು. ಹೊಟ್ಟೆ ತೆರೆದಾಗ ಮೊಳಗಟ್ಟಲೆ ಕರುಳು ಕಪ್ಪಾಗಿ ಕೊಳೆತಿತ್ತು. ಹಿಡಿದು ಜೀವ ಉಳಿಸುವುದಕ್ಕೆಂದು ಹುಟ್ಟಿದ ನಾನು ಅವಳನ್ನು ಹೀಗೆ ಹಿಡಿದಿದ್ದೆ. ಕೊಳೆತದ್ದನ್ನು ಕತ್ತರಿಸಿದರು, ಉಳಿದದ್ದನ್ನು ಜೋಡಿಸಿದರು, ಆಗುವುದನ್ನೆಲ್ಲ ಮಾಡಿದರು. ನಂಜು ರಕ್ತಕ್ಕೆ ಏರಿತ್ತು. ಮೂರನೆಯ ದಿನ ಮಧ್ಯಾಹ್ನ ಜಗದೇವಿ ಸತ್ತಳು.

ನನ್ನನ್ನು ತೊಳೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಅರಗಿನ ಮುದ್ರೆ ಒತ್ತಿದರು. ಸರ್ಕಾರ ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿತು. ಆವತ್ತು ಮೇಜಿನ ಮೇಲೆ ನಾನು, ಒಂದು ಕಡೆ ಡಾಕ್ಟರು ಮತ್ತು ಸುವಾರ್ತಮ್ಮ, ಬಾಗಿಲ ಹತ್ತಿರ ಹೆಗಲ ಮೇಲೆ ಟವೆಲು ಹಾಕಿಕೊಂಡ ಮಲ್ಕಣ್ಣ. ಪಟ್ಟಣಕರ್ ಕಾಗದಗಳನ್ನು ತೋರಿಸಿದರು. ಆಪರೇಷನ್ನಿನ ಲೆಕ್ಕ ಸರಿಯಿದೆ, ಹತ್ತಕ್ಕೆ ಹತ್ತು. ಹೆರಿಗೆ ಕೋಣೆಯ ಒಂದು ಆರ್ಟರಿ ಮುರಿದುಹೋಗಿದೆ ಎಂದು ರಿಜಿಸ್ಟರಿನಲ್ಲಿ ಬರೆದಿದೆ. ಹಾಗಾಗಿ ಇದು ನಮ್ಮ ಆಸ್ಪತ್ರೆಯದಲ್ಲ, ಎಂದರು. ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಕಾಗದದಲ್ಲಿ ಮುರಿದುಹೋದ ನಾನು ಅವರ ಎದುರಿಗೇ ಒಂದು ಗೀರೂ ಇಲ್ಲದೆ ಬಿದ್ದಿದ್ದೆ.

ಅಧಿಕಾರಿ ಸುವಾರ್ತಮ್ಮನ ಕಡೆ ತಿರುಗಿ, ಆ ಆರ್ಟರಿ ಮುರಿದದ್ದು ನಿಜವೇ ಎಂದು ಕೇಳಿದರು. ಅವರು ಹೌದು ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

“ಮುರದಿಲ್ರಿ,” ಎಂದರು ಸುವಾರ್ತಮ್ಮ. “ಮುರದದ ಅಂತ ಬರದಾಕಿ ನಾನೇ. ಅಕಿ ಹೊಟ್ಟಿ ಮುಟ್ಟಿದಾಗ ಬೆರಳಿಗಿ ಹತ್ತಿತ್ತು. ಸಂಜಿಕ ಹೆರಿಗಿ ಕೋಣ್ಯಾಗ ಹೋಗಿ ಎಣಿಸಿದೆ, ಒಂದು ಕಡಿಮಿ ಇತ್ತು. ಆವಾಗೇ ಎಲ್ಲಾ ತಿಳೀತು.”

“ಮತ್ಯಾಕ ಹೇಳ್ಲಿಲ್ಲ?” ಡಾಕ್ಟರೇ ಕೇಳಿದರು. ಅವರ ಮುಖ ಬಿಳಿಚಿಕೊಂಡಿತ್ತು.

“ಅಂಜಿದ್ನಿರಿ ಸರ್. ನಾಳಿ ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ನಾಲ್ಕು ತಿಂಗಳ ಕಳದೆ. ಸುವಾರ್ತಮ್ಮನ ಲೆಕ್ಕ ತಪ್ಪ್ಯಾದ ಅಂತ ಮಂದಿ ಅಂತಾರಲ್ಲ, ಅದಕ್ಕ ಅಂಜಿದೆ.”

ಮಲ್ಕಣ್ಣ ಎರಡು ಹೆಜ್ಜೆ ಮುಂದೆ ಬಂದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಬಾಗಿಲು ಕಾಯುತ್ತಿದ್ದ ಪೇದೆ ಎದ್ದು ನಿಂತ.

“ಒಂದೇ ಮಾತು ಕೇಳ್ತೀನ್ರಿ ಸಿಸ್ಟರಮ್ಮ. ಆವತ್ತೇ ಹೇಳಿದ್ರ ಅಕಿ ಬದುಕ್ತಿದ್ಳೇನ್ರಿ?”

ಸುವಾರ್ತಮ್ಮ ಅವನ ಮುಖ ನೋಡಿದರು. “ಬದುಕ್ತಿದ್ಳಪ್ಪ.”

ಅಧಿಕಾರಿ ಪಕ್ಕದಲ್ಲಿ ಕೂತಿದ್ದ ಗುಮಾಸ್ತನಿಗೆ ಹೇಳಿದರು: “ಬರ್ಕೊಳ್ಳಿ. ಸಕಾಲದಲ್ಲಿ ತಿಳಿಸಿದ್ದಲ್ಲಿ ರೋಗಿಯು ಬದುಕುಳಿಯುವ ಸಾಧ್ಯತೆ ಇದ್ದಿರಬಹುದು.”

“ಇದ್ದಿರಬಹುದು ಅಲ್ರಿ ಸಾಹೇಬ್ರ,” ಎಂದರು ಸುವಾರ್ತಮ್ಮ. “ಆವತ್ತ ಕರುಳು ಚಲೋ ಇತ್ತು. ಬದುಕ್ತಿದ್ಳು ಅಂತೇ ಬರೀರಿ. ನಾ ಸಹಿ ಮಾಡ್ತೀನಿ.”

ಗುಮಾಸ್ತ ಅಧಿಕಾರಿಯ ಮುಖ ನೋಡಿ, ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆದ. ಓದು ಬಾರದ ಮಲ್ಕಣ್ಣ ಆ ಸಾಲನ್ನು ಓದಿ ಹೇಳಲು ಕೇಳಿದ. ಓದಿದರು. ಇನ್ನೊಮ್ಮೆ ಎಂದ. ಇನ್ನೊಮ್ಮೆ ಓದಿದರು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

“ಅಕಿನ್ನ ಮಣ್ಣ ಮಾಡಿದಲ್ಲಿ ಹೋಗಿ ಹೇಳ್ತೀನ್ರಿ,” ಎಂದ. “ಎಲ್ಲಾರೂ ನಂಬ್ಯಾರ ಅಂತ.”

ಸುವಾರ್ತಮ್ಮನ ಕೆಲಸ ಹೋಯಿತು, ಡಾಕ್ಟರಿಗೆ ವರ್ಗವಾಯಿತು ಎಂದು ಕೇಳಿದೆ. ಮಲ್ಕಣ್ಣನ ಸುದ್ದಿ ನನಗೆ ಗೊತ್ತಿಲ್ಲ. ನಾನು ಕಚೇರಿಯ ಒಂದು ಕಬ್ಬಿಣದ ಕಪಾಟಿನಲ್ಲಿದ್ದೇನೆ. ನನ್ನ ದವಡೆಯ ಕೀಲಿಗೆ ತುಕ್ಕು ಹಿಡಿಯುತ್ತಿದೆ, ಇನ್ನು ನನ್ನಿಂದ ಒಂದು ನೂಲು ಹಿಡಿಯಲೂ ಆಗದು. ಡಬ್ಬಿಯ ಮೇಲಿನ ಚೀಟಿಯಲ್ಲಿ ಕೇಸಿನ ನಂಬರಿದೆ, ‘ಇಕ್ಕಳ, ಒಂದು’ ಎಂದಿದೆ, ಜಗದೇವಿಯ ಹೆಸರಿಲ್ಲ. ಅದಕ್ಕೇ ಈ ಕಥೆ ಹೇಳಿದೆ. ಅವಳು ಹನ್ನೊಂದು ತಿಂಗಳು ಹೇಳಿದ್ದು ನಿಜ. ಅದು ಮೊದಲಿನಿಂದ ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ, ಇಬ್ಬರಿಗೇ.