ಬಳಿಯದೆ ಉಳಿದ ನಾಲ್ಕು ಮೈಲಿ

ಮಗಳು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಅಪ್ಪನ ಉಗುರುಗಳನ್ನು ಉಜ್ಜುತ್ತಿದ್ದಳು. ಬಲಗೈ ಮುಗಿಸಿ ಎಡಗೈ ಹಿಡಿದಿದ್ದಳು. ಬೆರಳುಗಳು ಸೆಟೆದಿದ್ದರಿಂದ ಒಂದೊಂದನ್ನೂ ಮೆಲ್ಲಗೆ ಬಿಡಿಸಬೇಕಾಗಿತ್ತು.

“ಸಾಕು ಬಿಡೆ,” ಎಂದಳು ಪಕ್ಕದ ಮನೆಯ ಇಸ್ತ್ರಿಯಾಕೆ. “ಮೂವತ್ತು ವರ್ಷ ಕಲ್ಲಿನ ಮೇಲೆ ದಾರಿ ಗುರುತು ಬಳಿದ ಬಣ್ಣ ಅದು, ಚರ್ಮದೊಳಗೆ ಇಳಿದುಬಿಟ್ಟಿದೆ. ನಿಮ್ಮಪ್ಪನ ಅಂಗಿ ತಿಕ್ಕಿ ತಿಕ್ಕಿ ನನ್ನ ಇಸ್ತ್ರಿಪೆಟ್ಟಿಗೆಗೇ ಹಳದಿ ಹತ್ತಿತ್ತು. ಒಂದ್ಸಲ ವಕೀಲರ ಬಿಳಿ ಅಂಗಿ ಬೆನ್ನ ಮೇಲೆ ಬಳಿದುಬಿಟ್ಟೆ. ಕೋರ್ಟಿಗೆ ಹೋದವರೆಲ್ಲ ಅವರ ಹಿಂದೇನೇ ನಡೆದ್ರಂತೆ, ದಾರಿ ಅಂದ್ಕೊಂಡು.”

ಕೋಣೆಯಲ್ಲಿದ್ದವರಲ್ಲಿ ಇಬ್ಬರು ನಕ್ಕರು. ನಕ್ಕಿದ್ದಕ್ಕೆ ನಾಚಿ ನೆಲ ನೋಡಿದರು.

ಮಗಳು ಹತ್ತಿಯನ್ನು ತಿರುಗಿಸಿ ನೋಡಿದಳು. ಅದರಲ್ಲಿ ಹಸಿ ಹಳದಿಯ ಗುರುತೇ ಇರಲಿಲ್ಲ. ಬರೀ ಬೂದು ಬಣ್ಣದ ಕಲ್ಲಿನ ಪುಡಿ. ಯಾಕೆ ಹೀಗೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅಷ್ಟರಲ್ಲಿ ಅಮ್ಮ ಬಾಗಿಲಿನಿಂದ ಕೇಳಿದಳು.

“ಗಂಟೆ ಎಷ್ಟಾಯ್ತು?”

“ಹನ್ನೊಂದೂವರೆ.”

“ಅತ್ತಿಗೆ ಹತ್ತಕ್ಕೆಲ್ಲ ಬರಬೇಕಿತ್ತು.”

ಬರಬೇಕಾಗಿದ್ದವಳು ಸತ್ತವನ ಅಕ್ಕ. ಎಪ್ಪತ್ತನಾಲ್ಕು ವರ್ಷ. ಗುಡ್ಡದ ಆಚೆ ಕಣಿವೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದಳು. ತಾಯಿ ತೀರಿಕೊಂಡಾಗ ತಮ್ಮನಿಗೆ ಎರಡು ವರ್ಷ, ಅವಳಿಗೆ ಹದಿನಾಲ್ಕು. ಅಂದಿನಿಂದ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಅವಳೇ. ಬಸ್ಸು ಗುಡ್ಡವನ್ನು ಸುತ್ತಿಕೊಂಡು ಬರುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಮೇಲಾಗಿ ಬಸ್ಸೆಂದರೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. “ನನ್ನ ತಮ್ಮನ ದಾರಿ ಇರೋವಾಗ ಸರ್ಕಾರದ ದಾರಿ ನನಗ್ಯಾಕೆ?” ಎನ್ನುತ್ತಿದ್ದಳು. ಕಾಲುದಾರಿಯಲ್ಲಿ ನಾಲ್ಕು ಗಂಟೆಯ ನಡಿಗೆ.

ನಿನ್ನೆ ಸಂಜೆ ಆ ಹಳ್ಳಿಯ ಅಂಗಡಿ ಮುಚ್ಚಿದ್ದರಿಂದ ಬೆಳಿಗ್ಗೆ ಐದೂವರೆಗೆ ಅಲ್ಲಿಗೆ ಫೋನ್ ಮಾಡಿದ್ದು ಮಗಳೇ. ಅತ್ತೆ ಲೈನಿಗೆ ಬಂದಾಗ ಅವಳ ಬಾಯಿಗೆ ಬಂದದ್ದು ಒಂದೇ ಮಾತು: “ಅಪ್ಪನಿಗೆ ಹುಷಾರಿಲ್ಲ ಅತ್ತೆ, ಬನ್ನಿ.” ಉಳಿದದ್ದನ್ನು ಎದುರಿಗೆ ಕೂತು, ಕೈ ಹಿಡಿದು ಹೇಳಿದರಾಯಿತು ಎಂದುಕೊಂಡಿದ್ದಳು. ಅಮ್ಮನಿಗೂ ಅದನ್ನು ಹೇಳಿರಲಿಲ್ಲ.

*

ಹನ್ನೆರಡಕ್ಕೆ ದಾರಿ ಕಚೇರಿಯ ಮೇಲ್ವಿಚಾರಕರು ಬಂದರು. ಕಡಲಂಚಿನಿಂದ ಗುಡ್ಡದ ಒಳಭಾಗದವರೆಗೆ ಹರಡಿದ್ದ ಕಾಲುದಾರಿಗಳನ್ನೆಲ್ಲ ನೋಡಿಕೊಳ್ಳುವ ಕಚೇರಿ ಅದು. ಬಿಸಿಲುಗಾಲದಲ್ಲಿ ದೂರದ ಊರುಗಳಿಂದ ಚಾರಣಕ್ಕೆ ಬರುವವರು ದಾರಿ ತಪ್ಪದಂತೆ ಕಲ್ಲುಗಳ ಮೇಲೆ ಹಳದಿ ಗುರುತು ಬಳಿಯುವುದು ಸತ್ತವನ ಕೆಲಸವಾಗಿತ್ತು. ಎಲ್ಲರೂ ಅವನನ್ನು ಹಳದಿಯಣ್ಣ ಎನ್ನುತ್ತಿದ್ದರು.

ಮೇಲ್ವಿಚಾರಕರು ಟೋಪಿ ತೆಗೆದು ಅವನ ಕಾಲ ಬಳಿ ನಿಂತರು.

“ನನ್ನ ಹತ್ತಿರ ಬೈಸಿಕೊಂಡಷ್ಟು ಇನ್ಯಾರೂ ಬೈಸಿಕೊಂಡಿಲ್ಲ,” ಎಂದರು ಅಮ್ಮನಿಗೆ. “ಗುರುತು ಅಂಗೈ ಅಗಲ ಇರಬೇಕು ಅಂತ ನಿಯಮ. ಗುಡ್ಡದ ದಾರೀಲಿ ಮಾತ್ರ ಇವನು ತಟ್ಟೆಯಗಲ ಬಳೀತಿದ್ದ. ಏನಯ್ಯಾ ಇದು ಅಂದ್ರೆ, ಯಾರ ಅಂಗೈ ಅಂತ ನಿಯಮದಲ್ಲಿ ಬರೆದಿಲ್ವಲ್ಲ ಸಾರ್ ಅಂದ.”

“ಅವರಕ್ಕನ ಕಣ್ಣು ಮಂಜಾಗ್ತಾ ಇತ್ತು,” ಎಂದಳು ಅಮ್ಮ. “ಅದಕ್ಕೇ ವರ್ಷವರ್ಷ ದೊಡ್ಡದು ಮಾಡ್ತಾ ಹೋದ್ರು.”

“ಅದನ್ನ ಹೇಳಿದ್ರೆ ನಾನೇನು ಬೇಡ ಅಂತಿದ್ನಾ?”

“ಅವರು ಹೇಳೋರಲ್ಲ.”

ಮೇಲ್ವಿಚಾರಕರು ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, ಸ್ಮಶಾನದವರು ಮೂರೂವರೆಗೆ ಸಮಯ ಕೊಟ್ಟಿದ್ದಾರೆ, ಈ ಸೆಕೆಗೆ ಅದಕ್ಕಿಂತ ತಡ ಮಾಡುವುದು ಒಳ್ಳೆಯದಲ್ಲ ಎಂದರು. ಅದು ಎಲ್ಲರಿಗೂ ಗೊತ್ತಿತ್ತು. ಕಿಟಕಿಗಳಿಗೆಲ್ಲ ಒದ್ದೆ ಬಟ್ಟೆ ಕಟ್ಟಿದ್ದರೂ ಕೋಣೆ ಬೇಯುತ್ತಿತ್ತು.

*

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಒಮ್ಮೆ ಅವಳನ್ನೂ ಗುಡ್ಡದ ದಾರಿಗೆ ಕರೆದುಕೊಂಡು ಹೋಗಿದ್ದ. ಕೆಳಗೆ ದಾರಿಗೆ ಅಡ್ಡವಾಗಿ ‘ಕೆಲಸ ನಡೆದಿದೆ’ ಎಂಬ ಹಲಗೆ ಇಟ್ಟು ಹತ್ತತೊಡಗಿದ್ದರು. ಪ್ರತಿ ಗುರುತಿನ ಮುಂದೆಯೂ ಅವನು ಕೂತು, ತಂತಿ ಬ್ರಷ್ಷಿನಿಂದ ಹಳೆಯ ಬಣ್ಣವನ್ನು ಪೂರ್ತಿ ಕೆರೆದು, ಉಪ್ಪುಗಾಳಿಗೆ ಎದ್ದ ಹೊಪ್ಪಳಿಕೆಯನ್ನು ಊದಿ, ಮುಂದೆ ಹೋಗುತ್ತಿದ್ದ. ಡಬ್ಬಿಯನ್ನು ತೆರೆಯುತ್ತಲೇ ಇರಲಿಲ್ಲ.

“ಅಪ್ಪಾ, ಕೆರೆದ ಕೂಡ್ಲೇ ಯಾಕೆ ಬಳಿಯಲ್ಲ?”

“ಕಲ್ಲು ಒಂದಿಷ್ಟು ಬಿಸಿಲು ಕುಡೀಲಿ. ಆಗ ಬಣ್ಣ ಹಿಡಿಯುತ್ತೆ. ಹೋಗುವಾಗ ಕೆರೆಯೋದು, ಬರುವಾಗ ಬಳಿಯೋದು.”

“ಬರದೇ ಇದ್ರೆ?”

ಅವನು ನಕ್ಕು ಅವಳ ಮೂಗಿನ ಮೇಲೆ ಕಲ್ಲಿನ ಪುಡಿ ಹಚ್ಚಿದ. “ಬರದೇ ಎಲ್ಲಿಗೆ ಹೋಗ್ಲಿ? ಗುಡ್ಡದಾಚೆ ನಿಮ್ಮತ್ತೆ ಮನೇಲಿ ಊಟ, ಈಚೆ ನಿಮ್ಮಮ್ಮನ ಹತ್ತಿರ ಬೈಗುಳ. ನನಗೆ ಬೇರೆ ಊರೇ ಇಲ್ಲ.”

*

ಎರಡು ಗಂಟೆಗೆ ಕಲ್ಲುಮೇಸ್ತ್ರಿ ಬಂದ. ಗುಡ್ಡದ ನೆತ್ತಿಯಲ್ಲಿ ಮೆಟ್ಟಿಲು ಜೋಡಿಸುತ್ತಿದ್ದವನು, ನಿನ್ನೆ ಮಧ್ಯಾಹ್ನ ಹಳದಿಯಣ್ಣನನ್ನು ಮೊದಲು ನೋಡಿದವನು ಅವನೇ. ಹೆಗಲಿನಲ್ಲಿದ್ದ ಕ್ಯಾನ್ವಾಸ್ ಚೀಲವನ್ನು ಇಳಿಸಿ ಮಗಳ ಮುಂದೆ ಇಟ್ಟ.

“ಇದು ಅಲ್ಲೇ ಉಳಿದಿತ್ತು ತಾಯಿ. ನೆತ್ತಿ ಮೇಲೆ ಕೂತ್ಕೊಂಡೇ ಇದ್ದ. ಊಟಕ್ಕೆ ಬಾರಯ್ಯಾ ಅಂತ ಎರಡು ಸಲ ಕೂಗಿದೆ. ಬರ್ಲಿಲ್ಲ. ದುರಹಂಕಾರ ನೋಡು ಅಂತ ಬೈದುಬಿಟ್ಟೆ.” ಅವನು ಮುಖ ಒರೆಸಿಕೊಂಡ. “ಸತ್ತವನಿಗೆ ಬೈದುಬಿಟ್ಟೆ.”

ಮಗಳು ಚೀಲ ಬಿಚ್ಚಿದಳು. ತಂತಿ ಬ್ರಷ್ಷಿನ ಹಲ್ಲುಗಳ ನಡುವೆ ಹಳೆಯ ಬಣ್ಣದ ಸಿಪ್ಪೆ ತುಂಬಿತ್ತು. ಬಳಿಯುವ ಬ್ರಷ್ಷು ಒಣಗಿ ಹಗುರವಾಗಿತ್ತು. ಡಬ್ಬಿ ಭಾರವಾಗಿತ್ತು. ಮುಚ್ಚಳ ಅಂಗಡಿಯಲ್ಲಿ ಒತ್ತಿದ ಹಾಗೆಯೇ ಇತ್ತು.

“ಮಾವ,” ಎಂದಳು. “ಅಪ್ಪನ್ನ ಯಾವ ದಾರೀಲಿ ಇಳಿಸಿದ್ರಿ?”

“ಆ ಕಡೆ ಜೀಪಿನ ರಸ್ತೇಲಿ. ಯಾಕೆ?”

“ಡಬ್ಬಿ ತೆಗೆದೇ ಇಲ್ಲ.”

ಮೇಸ್ತ್ರಿಗೆ ತಕ್ಷಣ ಅರ್ಥವಾಗಲಿಲ್ಲ. ಅಮ್ಮನಿಗೆ ಆಯಿತು. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಕೆರೆದಿದ್ದಾರೆ,” ಎಂದಳು. “ನೆತ್ತಿವರೆಗೂ ಕೆರೆದಿದ್ದಾರೆ. ನಾಲ್ಕು ಮೈಲಿ ಒಂದು ಗುರುತೂ ಇಲ್ಲ. ಅಯ್ಯೋ, ಅತ್ತಿಗೆ.”

ಮೇಲೆ ‘ಕೆಲಸ ನಡೆದಿದೆ’ ಹಲಗೆ ಇಟ್ಟಿದ್ದರೂ ಅದು ಅತ್ತೆಗೆ ಕಾಣುವುದಿಲ್ಲ, ಕಂಡರೂ ಓದಲು ಬರುವುದಿಲ್ಲ. ದಾರಿ ಮುಚ್ಚಿದ್ದರಿಂದ ಹೇಳಿ ತೋರಿಸುವವರು ಯಾರೂ ಅಲ್ಲಿಲ್ಲ. ನೆತ್ತಿಯ ಕೆಳಗೆ ಎರಡು ಕವಲುಗಳಿದ್ದವು. ಒಂದು ಮೇಕೆಗಳ ಜಾಡು, ಕಡಲ ಕಡೆಯ ಬಂಡೆಗಳ ಅಂಚಿಗೆ ಹೋಗಿ ಮುಗಿಯುತ್ತಿತ್ತು.

ಮಗಳು ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳತೊಡಗಿದಳು.

“ನಾನು ಹೋಗ್ತೀನಿ ತಾಯಿ,” ಎಂದ ಮೇಸ್ತ್ರಿ. “ನೀನು ಇರು. ಇವತ್ತು ನೀನು ಇಲ್ಲಿರಬೇಕು.”

“ನೀವು ಕೆಳಗಿನ ಹಾದೀಲಿ ಬಂಡೆ ಕಡೆ ಹೋಗಿ ಮಾವ. ನಾನು ನೇರ ಹತ್ತುತೀನಿ.”

“ಮೂರೂವರೆಗೆ ಎತ್ತುತಾರೆ ಕಣೆ,” ಎಂದಳು ಅಮ್ಮ. “ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಿಸೋಕೆ ನನ್ನ ಕೈಲಿ ಆಗಲ್ಲ. ಹೋದ್ರೆ ಅಪ್ಪನ್ನ ಕಳಿಸಿಕೊಡೋಕೆ ನಿನಗೂ ಸಿಗಲ್ಲ.”

ಮಗಳ ಬೆರಳುಗಳು ಬೂಟಿನ ದಾರದಲ್ಲಿ ಸಿಕ್ಕಿಕೊಂಡವು. “ಅಮ್ಮ, ನಾನು ಅತ್ತೆಗೆ ಹೇಳಿಲ್ಲ. ಹುಷಾರಿಲ್ಲ ಅಂತಷ್ಟೇ ಹೇಳಿದ್ದು.”

ಅಮ್ಮ ಅವಳನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದಳು ಮಗಳು. ಅಮ್ಮ ಬಗ್ಗಿ ದಾರದ ಗಂಟು ಬಿಡಿಸಿದಳು, ಚಿಕ್ಕ ಮಗುವಿಗೆ ಕಟ್ಟುವ ಹಾಗೆ ಎರಡೂ ಬೂಟು ಕಟ್ಟಿದಳು.

“ಮುಖ ನೋಡ್ಕೊಂಡು ಹೋಗು,” ಎಂದಳು.

ಅವಳು ಒಳಗೆ ಹೋದಳು. ಅಪ್ಪನ ಹಣೆ ಮುಟ್ಟಿದಳು. ಇಸ್ತ್ರಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟಳು.

*

ಮೊದಲ ಮೈಲಿ ಅವಳು ಓಡುತ್ತಲೇ ಹತ್ತಿದಳು. ಪ್ರತಿ ತಿರುವಿನಲ್ಲೂ ತಟ್ಟೆಯಗಲದ ಬೋಳು ಜಾಗವಿತ್ತು. ಸುತ್ತಲಿನ ಕಲ್ಲು ಕಪ್ಪಾಗಿ, ಕೆರೆದ ಭಾಗ ಮಾತ್ರ ಮಸುಕಾಗಿ. ಅವಳ ಕಣ್ಣಿಗೇ ಹತ್ತಿರ ಹೋದರಷ್ಟೇ ಕಾಣುತ್ತಿತ್ತು. ಎಷ್ಟು ಚೊಕ್ಕವಾಗಿ ಕೆರೆದಿದ್ದ. ಒಂದನ್ನಾದರೂ ಮರೆತಿರಬಾರದಿತ್ತೇ, ಒಂದರಲ್ಲಾದರೂ ಸೋಮಾರಿತನ ಮಾಡಿರಬಾರದಿತ್ತೇ ಎಂದು ಅವಳು ಜೀವನದಲ್ಲಿ ಮೊದಲ ಸಲ ಅಪ್ಪನ ಕೆಲಸದ ಮೇಲೆ ಸಿಟ್ಟಾದಳು.

“ಅತ್ತೇ,” ಎಂದು ಕೂಗುತ್ತ ಹೋದಳು. ಗಾಳಿ ಕೂಗನ್ನು ಹಿಂದಕ್ಕೆ ಒಯ್ಯುತ್ತಿತ್ತು.

ಮೂರನೆಯ ಮೈಲಿ ದಾಟಿದ ಮೇಲೆ ಪೊದೆಗಳು ಮುಗಿದು ಇಡೀ ಕರಾವಳಿ ಕಾಣುವ ತಿರುವು ಬಂತು. ಉಸಿರು ತೆಗೆದುಕೊಳ್ಳಲು ನಿಂತಳು. ಕೆಳಗೆ ಕಡಲು ಬಿಸಿಲಿಗೆ ಹೊಳೆಯುತ್ತಿತ್ತು. ಕಡಲ ಪಕ್ಕದ ರಸ್ತೆಯಲ್ಲಿ ಬಿಳಿಯ ವ್ಯಾನೊಂದು ನಡಿಗೆಯ ವೇಗದಲ್ಲಿ ಹೋಗುತ್ತಿತ್ತು, ಹಿಂದೆ ಒಂದು ಹಿಡಿ ಜನ. ಅಕ್ಕಿಕಾಳಿನಷ್ಟು ಚಿಕ್ಕದಾಗಿ ಕಾಣುತ್ತಿದ್ದರು. ಅವರಲ್ಲಿ ಅಮ್ಮ ಯಾರೆಂದು ಗುರುತಿಸಲು ಪ್ರಯತ್ನಿಸಿದಳು. ಮುಂದೆ ಒಬ್ಬಳೇ ನಡೆಯುತ್ತಿದ್ದವಳಿರಬೇಕು. ವ್ಯಾನು ಸ್ಮಶಾನದ ಗೋಡೆಯ ಹಿಂದೆ ತಿರುಗಿತು. ಜನರೂ ಒಬ್ಬೊಬ್ಬರಾಗಿ ತಿರುಗಿದರು. ರಸ್ತೆ ಖಾಲಿಯಾಯಿತು.

ಅವಳು ಅಲ್ಲೇ ಕೂತು ಅತ್ತಳು. ಬಹಳ ಹೊತ್ತಲ್ಲ. ಕಣ್ಣು ಒರೆಸಿಕೊಂಡು ಎದ್ದಳು. ಅತ್ತೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿದಳು. ಪ್ರತಿ ಸಲವೂ ವಾಕ್ಯ ‘ಅಪ್ಪ’ ಎಂಬಲ್ಲಿ ನಿಲ್ಲುತ್ತಿತ್ತು.

ಕವಲಿನ ಹತ್ತಿರ ಅತ್ತೆ ಕಂಡಳು.

ಉದ್ದನೆಯ ಚಪ್ಪಟೆ ಕಲ್ಲೊಂದರ ತುದಿಯಲ್ಲಿ ಕೂತಿದ್ದಳು. ತಲೆಯ ಮೇಲೆ ಟವೆಲ್, ಮಡಿಲಲ್ಲಿ ಕೈಚೀಲ. ಮುಖ ಬಿಸಿಲಿಗೆ ಕೆಂಪಾಗಿತ್ತು. ಹೆಜ್ಜೆಯ ಸದ್ದಿಗೆ ಕಣ್ಣು ಕಿರಿದುಮಾಡಿ ನೋಡಿದಳು.

“ಯಾರದು?”

“ನಾನು ಅತ್ತೆ.”

“ನೀನಾ ಪುಟ್ಟಿ? ನಿನ್ನನ್ನ ಮುಂದೆ ಕಳಿಸಿದ್ನಾ? ಹುಷಾರಿಲ್ಲ ಅಂದ್ಮೇಲೆ ಒಳ್ಳೇದೇ ಆಯ್ತು, ಹಿಂದಿನಿಂದ ನಿಧಾನಕ್ಕೆ ಬರ್ಲಿ.” ಅವಳು ನಕ್ಕಳು. ತುಟಿ ಒಣಗಿ ಬಿರಿದಿತ್ತು. “ನೋಡು, ಕಣ್ಣು ಪೂರ್ತಿ ಹೋಯ್ತು ನಂದು. ನಿಮ್ಮಪ್ಪ ಅಷ್ಟಗಲ ಬಳಿದಿದ್ದಾನೆ, ಒಂದೂ ಕಾಣ್ತಿಲ್ಲ. ಒಂದು ನಾಲ್ಕು ಹೆಜ್ಜೆ ಆಕಡೆ ಹೋದೆ, ಈಕಡೆ ಹೋದೆ. ಆಮೇಲೆ ನೆನಪಾಯ್ತು.”

“ಏನು ಅತ್ತೆ?”

“ಅವನು ಹೇಳಿದ್ದ. ಅಕ್ಕಾ, ಗುರುತು ಸಿಗದಿದ್ರೆ ಹುಡುಕ್ಕೊಂಡು ಹೋಗಬೇಡ, ಎಲ್ಲಿದ್ದೀಯೋ ಅಲ್ಲೇ ಕೂತ್ಕೋ, ನಾನು ಬಂದೇ ಬರ್ತೀನಿ ಅಂತ. ಬೆಳಗ್ಗಿಂದ ಕೂತಿದ್ದೀನಿ. ಸುಮ್ನೆ ಹೇಳೋ ಹುಡುಗ ಅಲ್ಲ ಅವನು.”

ಮಗಳು ನೀರಿನ ಬಾಟಲಿ ತೆರೆದು ಕೊಟ್ಟಳು. ಅತ್ತೆ ಎರಡು ಗುಟುಕು ಕುಡಿದು ನಿಲ್ಲಿಸಿದಳು, ಉಳಿದದ್ದನ್ನು ಮುಚ್ಚಿ ಪಕ್ಕಕ್ಕಿಟ್ಟಳು.

“ಪೂರ್ತಿ ಕುಡೀರಿ.”

“ಬೇಡ, ಇರಲಿ.”

ಮಗಳು ಕಲ್ಲಿನ ಇನ್ನೊಂದು ತುದಿಯಲ್ಲಿ ಕೂರಲು ಬಗ್ಗಿದಳು. ಅಲ್ಲಿ ಒಣಗಿದ ಎಲೆಗಳನ್ನೂ ಜಲ್ಲಿಯನ್ನೂ ಕೈಯಿಂದ ಗುಡಿಸಿ ತೆಗೆಯಲಾಗಿತ್ತು. ಅದರ ಮೇಲೆ ಅತ್ತೆ ತನ್ನ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ಹಾರಿಹೋಗದಂತೆ ನಾಲ್ಕು ಮೂಲೆಗೂ ಒಂದೊಂದು ಕಲ್ಲು.

ಅತ್ತೆ ಕೈ ಚಾಚಿ ಅವಳ ಮೊಣಕೈ ಹಿಡಿದಳು.

“ಅಲ್ಲಿ ಬೇಡ ಮಗಳೇ,” ಎಂದಳು. “ನೀನು ಈಕಡೆ ಬಾ. ಪಾಪ, ಅವನು ಹತ್ತಿ ಬಂದು ಸುಸ್ತಾಗಿರ್ತಾನೆ.”