ಕಿನುಯೊಳ ಜಾಗಕ್ಕೆ ಬಂದ ಮೋಟಾರು

ಆಸ್ಪತ್ರೆಯಿಂದ ಬಂದ ಮೂರನೇ ದಿನ ಕಿನುಯೊ ಬಂದರಿಗೆ ಇಳಿದು ನೋಡಿದರೆ ದೋಣಿಯಲ್ಲಿ ಅವಳ ಹುಟ್ಟು ಇರಲಿಲ್ಲ. ಮೂವತ್ತೊಂದು ವರ್ಷ ಅವಳು ಕಾಲೂರಿ ನಿಂತು ಹುಟ್ಟು ಹಾಕಿದ್ದ ಹಿಂಬದಿಯ ಜಾಗದಲ್ಲಿ ಒಂದು ಪುಟ್ಟ ಮೋಟಾರು ಕೂತಿತ್ತು. ಹುಟ್ಟು ಸಿಕ್ಕಿಸುವ ಗೂಟವನ್ನು ಗರಗಸದಲ್ಲಿ ಕೊಯ್ದು, ಅಲ್ಲಿ ದಪ್ಪ ಹಲಗೆ ಬಡಿದು, ಅದಕ್ಕೆ ಮೋಟಾರನ್ನು ಬೋಲ್ಟು ಹಾಕಿ ಬಿಗಿದಿದ್ದ ಅವಳ ಗಂಡ ಟೊಕುಜೊ. ಬಿಗಿದವನು ಪಕ್ಕದಲ್ಲೇ ನಿಂತು ಕೈಯೊರೆಸಿಕೊಳ್ಳುತ್ತ ಹಲ್ಲು ಬಿಡುತ್ತಿದ್ದ.

“ಹೆಂಗಿದೆ? ಎರಡೇ ಕುದುರೆ ಶಕ್ತಿ, ಮೀನು ಬೆದರೋವಷ್ಟು ಸದ್ದಿಲ್ಲ. ಆದ್ರೆ ನಿನ್ನ ಕೆಲಸಕ್ಕೆ ಸಾಕೋ ಸಾಕು” ಅಂದ. “ಡಾಕ್ಟ್ರು ಹೇಳಿದ್ದು ಕೇಳಿಸ್ಕೊಂಡಿಯಲ್ಲ, ಆ ಭುಜದಲ್ಲಿ ಇನ್ನು ಹುಟ್ಟು ಹಾಕೋಕಾಗಲ್ಲ. ಇನ್ಮೇಲೆ ನೀನು ಮನೇಲಿ ಆರಾಮಾಗಿರು.”

ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ. ಅದೇ ಅವಳ ಹೊಟ್ಟೆ ಉರಿಸಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದರೆ ಅಲ್ಲೇ ನಾಲ್ಕು ಮಾತು ಅಂದು ಹಗುರಾಗಬಹುದಿತ್ತು.

ಆ ದ್ವೀಪದಲ್ಲಿ ಕೆಂಪು ಮೀನು ಹಿಡಿಯುವುದು ಗಂಡ ಹೆಂಡತಿ ಇಬ್ಬರ ಕೆಲಸ. ದೊಡ್ಡ ಎಂಜಿನ್ನು ದೋಣಿಯನ್ನು ದ್ವೀಪಗಳ ನಡುವೆ ನೀರು ರಭಸವಾಗಿ ಹರಿಯುವ ಕಡಲಿನ ಓಣಿಯವರೆಗೆ ಒಯ್ಯುತ್ತದೆ, ಅಲ್ಲಿ ಅದನ್ನು ನಿಲ್ಲಿಸಬೇಕು. ಅದರ ಗದ್ದಲಕ್ಕೆ ಮೀನು ಬಂಡೆ ಬಿಟ್ಟು ಓಡುತ್ತದೆ. ಆಮೇಲೆ ಗಂಡ ಮುಂದೆ ಕೂತು ಗಾಳದ ದಾರವನ್ನು ಬೆರಳಲ್ಲಿ ಹಿಡಿಯುತ್ತಾನೆ, ಹೆಂಡತಿ ಹಿಂದೆ ನಿಂತು ಓಡುವ ನೀರಿನಲ್ಲಿ ಹುಟ್ಟು ಹಾಕುತ್ತ ದೋಣಿಯನ್ನು ಅವನು ಹೇಳಿದ ಕಡೆ ಹಿಡಿಯುತ್ತಾಳೆ. ಹೆಸರು ಮಾತ್ರ ಗಂಡನದು. ಆ ಓಣಿಯ ತಳದಲ್ಲಿರುವ ಎತ್ತಿನ ಬಂಡೆಯ ಮೀನಿಗೆ ಟೊಕುಜೊನನ್ನು ಬಿಟ್ಟರಿಲ್ಲ ಎಂದು ಮೂರು ದ್ವೀಪಗಳ ಜನ ಹೇಳುತ್ತಿದ್ದರು. ಅವನೂ ಅದನ್ನು ಕಣ್ಣುಮುಚ್ಚಿ ನಂಬಿದ್ದ.

ಮಾರನೆಯ ಬೆಳಿಗ್ಗೆ ಅವನೊಬ್ಬನೇ ಹೊರಟ. ಕಿನುಯೊ ಉಪ್ಪಿನಲ್ಲಿ ಹಾಕಿದ ಪ್ಲಮ್ ಹಣ್ಣು ಇಟ್ಟ ಅನ್ನದ ಉಂಡೆ ಕಟ್ಟಿಕೊಟ್ಟು ಮನೆಗೆ ಬಂದಳು. ಬಂದು ಮಾಡುವುದೇನು? ತೊಳೆದ ಪಾತ್ರೆ ಮತ್ತೆ ತೊಳೆದಳು. ಒಂದೇ ಕೈಯಲ್ಲಿ ಅಂಗಳ ಗುಡಿಸಿದಳು. ಕೂತರೆ ನಿಲ್ಲೋಣವೆನಿಸುತ್ತಿತ್ತು, ನಿಂತರೆ ನಡೆಯೋಣವೆನಿಸುತ್ತಿತ್ತು. ಮದುವೆಯಾದಂದಿನಿಂದ ಈ ಹೊತ್ತಿನಲ್ಲಿ ತನ್ನ ಮನೆಯೊಳಗೆ ಬಿಸಿಲು ಎಲ್ಲಿ ಬೀಳುತ್ತದೆಂದು ಅವಳು ಕಂಡಿರಲಿಲ್ಲ. ಈಗ ಕಂಡು ಸಂತೋಷವೇನೂ ಆಗಲಿಲ್ಲ. ಹತ್ತು ಗಂಟೆಯೊಳಗೆ ನಾಲ್ಕು ಸಲ ಬಂದರಿನ ಕಟ್ಟೆಗೆ ಹೋಗಿ ಬಂದಳು.

ಸಂಜೆ ಊರಿನ ಹೆಂಗಸರೆಲ್ಲ ಸೇರುವ ಸ್ನಾನದ ಮನೆಯಲ್ಲಿ ನೆರೆಮನೆಯ ಹಾತ್ಸುಎ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಕೊಂಡು ಕೇಳಿದಳು: “ಏನೇ ಕಿನುಯೊ, ನಿನ್ನ ಸವತಿ ಹೆಂಗಿದ್ದಾಳೆ? ಪೆಟ್ರೋಲು ಕುಡಿಸಿದ್ರೆ ಸಾಕಂತೆ, ಬೈದ್ರೆ ತಿರುಗಿ ಬೈಯೋದೂ ಇಲ್ವಂತೆ!”

ಹೆಂಗಸರೆಲ್ಲ ನಕ್ಕರು, ಕಿನುಯೊ ಕೂಡ ನಕ್ಕಳು. ನಕ್ಕಿದ್ದೇ ತಪ್ಪಾಯಿತೆಂಬಂತೆ ಭುಜ ಚುಳ್ಳೆಂದಿತು.

ಮೊದಲ ದಿನ ಟೊಕುಜೊ ಎರಡು ಮೀನು ತಂದ, ಅದೂ ಅಂಗೈ ಉದ್ದದವು. ಎರಡನೇ ದಿನ ಒಂದು. ಮೂರನೇ ದಿನ ಬರಿಗೈ. ಮೊದಲು ಮೋಟಾರಿನ ಸದ್ದನ್ನು ಬೈದ. ಆಮೇಲೆ ನೀರು ತಣ್ಣಗಿದೆ ಅಂದ. ಆಮೇಲೆ ಚಂದ್ರನನ್ನು ಬೈದ. ವಾರ ಕಳೆಯುವ ಹೊತ್ತಿಗೆ ಬೈಯುವುದಕ್ಕೆ ಯಾರೂ ಉಳಿಯಲಿಲ್ಲ. ಅಕ್ಕಪಕ್ಕದ ದೋಣಿಗಳು ತುಂಬಿ ಬರುತ್ತಿದ್ದವು.

ಕಾರಣ ಕಿನುಯೊಳಿಗೆ ಮೊದಲ ದಿನವೇ ಗೊತ್ತಾಗಿತ್ತು.

ಮದುವೆಯಾದ ವಾರದಲ್ಲಿ ಅತ್ತೆ ಮೂಲಂಗಿ ಹೆಚ್ಚುತ್ತ ಹೇಳಿಕೊಟ್ಟ ಮಾತು ಅದು. “ಗುಡಿಯ ಪೈನ್ ಮರದ ನೆತ್ತಿ ಆಚೆ ದ್ವೀಪದ ಹೊಗೆಕೊಳವೆಗೆ ಒಂದೇ ಗೆರೇಲಿ ಕೂಡಿದಾಗ ಗಂಡಸು ‘ಇಲ್ಲೇ ನಿಲ್ಲಿಸು’ ಅಂತಾನೆ. ನೀನು ಹೂಂ ಅನ್ನು. ಅವನು ಬಗ್ಗಿ ಗಾಳಕ್ಕೆ ಸಿಗಡಿ ಚುಚ್ಚೋ ಹೊತ್ತಿಗೆ ಮೂವತ್ತು ಸಲ ಹುಟ್ಟು ಹಾಕಿ ನೀರಿಗೆ ಎದುರಾಗಿ ಮೇಲಕ್ಕೆ ಹೋಗು. ದಾರಕ್ಕೆ ಕಟ್ಟಿದ ಸೀಸದ ಗುಂಡು ಮುಳುಗ್ತಾ ಇದ್ದಂಗೆ ದೋಣಿನೂ ನೀರಿನ ಜೊತೆ ಕೆಳಗೆ ಜಾರಲಿ. ಆಗ ಗುಂಡು ಬಂಡೆ ಮುಖಕ್ಕೇ ಬೀಳುತ್ತೆ. ಅವನು ಹೇಳಿದಲ್ಲಿ ಬಿಟ್ರೆ ನೀರು ಅದನ್ನ ಎಳ್ಕೊಂಡು ಹೋಗಿ ಬರೀ ಮರಳಿಗೆ ಹಾಕುತ್ತೆ. ಆದ್ರೆ ಅವನಿಗೆ ಹೇಳ್ಬೇಡ. ಹೇಳಿದ್ರೆ ನಿನ್ನ ಹುಟ್ಟನ್ನೂ ಅವನೇ ಎಣಿಸೋಕೆ ಶುರು ಮಾಡ್ತಾನೆ.”

ಅಪ್ಪನಿಂದ ಮಗನಿಗೆ ಮರ ಹೊಗೆಕೊಳವೆಯ ಗುರುತು ಬಂದಿತ್ತು. ಅತ್ತೆಯಿಂದ ಸೊಸೆಗೆ ಇದು ಬಂದಿತ್ತು. ಈಗ ಟೊಕುಜೊ ಅಪ್ಪನ ಗುರುತಿನಲ್ಲಿ ಮೋಟಾರು ಹಿಡಿದು ದೋಣಿ ಅಲುಗದಂತೆ ನಿಲ್ಲಿಸುತ್ತಿದ್ದ, ಗುಂಡು ಬಿಟ್ಟು ಮರಳಿನಲ್ಲಿ ಮೀನು ಹುಡುಕುತ್ತಿದ್ದ.

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಆ ಮಾತಿನ ಜೊತೆ ಅವಳೂ ಮುಗಿದಂತೆಯೇ. ಅವನು ಮೂವತ್ತು ಎಣಿಸಲು ಕಲಿಯುತ್ತಾನೆ, ಮೋಟಾರು ಸರಿಯಾಗಿ ಕೆಲಸ ಮಾಡುತ್ತದೆ, ತಾನು ಸಾಯುವವರೆಗೂ ಈ ಬಿಸಿಲನ್ನು ನೋಡಿಕೊಂಡು ಅಂಗಳ ಗುಡಿಸಬೇಕು. ಹೇಳಬಾರದೆಂದು ಬೆಳಿಗ್ಗೆ ನಿರ್ಧರಿಸುವಳು, ಮಧ್ಯಾಹ್ನ ಬರಿದಾದ ದೋಣಿ ಕಂಡಾಗ ಹೇಳಿಬಿಡಬೇಕೆನ್ನುವಳು. ಬಾಯಿ ತೆರೆದರೆ ಇನ್ನೇನೋ ಮಾತು ಬರುತ್ತಿತ್ತು. ತನ್ನ ಮೇಲೇ ಅವಳಿಗೆ ಅಸಹ್ಯವಾಗುತ್ತಿತ್ತು.

ಹನ್ನೆರಡನೇ ದಿನ ಊಟದ ನಡುವೆ ಟೊಕುಜೊ ಚಾಪ್‌ಸ್ಟಿಕ್ ಕೆಳಗಿಟ್ಟು ತನ್ನ ಬಲಗೈ ಬೆರಳುಗಳನ್ನು ತಿರುಗಿಸಿ ನೋಡಿಕೊಂಡ.

“ನನ್ನ ಕೈ ಹೋಯ್ತು ಕಣೇ” ಅಂದ. “ಮೀನು ಮುಟ್ಟಿದ್ದೇ ಬೆರಳಿಗೆ ಗೊತ್ತಾಗ್ತಿಲ್ಲ. ವಯಸ್ಸಾಯ್ತು. ಹಡಗು ಕಟ್ಟೋ ಕಾರ್ಖಾನೇಲಿ ಗೇಟು ಕಾಯೋಕೆ ಜನ ಬೇಕಂತೆ. ದೋಣಿ ಕೊಟ್ಬಿಡೋಣ ಅಂತಿದೀನಿ.”

ಅವನು ತಮಾಷೆಗೆ ಹೇಳುತ್ತಿರಲಿಲ್ಲ. ದಿನವೆಲ್ಲ ಕಿರುಚಿ ಜಂಬ ಕೊಚ್ಚುವ ಗಂಡಸು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಕಿನುಯೊ ಎಂದೂ ಕೇಳಿರಲಿಲ್ಲ.

“ನಾಳೆ ನಾನೂ ಬರ್ತೀನಿ” ಅಂದಳು.

“ಬಂದು ಏನ್ಮಾಡ್ತೀಯ? ಡಾಕ್ಟ್ರು...”

“ಡಾಕ್ಟ್ರು ಬಲಗೈ ಬೇಡ ಅಂದಿದ್ದು. ಎಡಗೈ ಏನು ಪಾಪ ಮಾಡಿದೆ? ಆ ಮೋಟಾರಿನ ಹಿಡಿ ತಿರುಗಿಸೋಕೆ ಎಷ್ಟು ಕೈ ಬೇಕು?”

ಮನಸ್ಸಿನಲ್ಲಿ ಅವಳೊಂದು ಲೆಕ್ಕ ಹಾಕಿಕೊಂಡಿದ್ದಳು. ಹುಟ್ಟಿನಲ್ಲಿ ಮಾಡಿದ್ದನ್ನೇ ಮೋಟಾರಿನಲ್ಲಿ ಕದ್ದು ಮಾಡುವುದು. ಅವನ ಕೈಗೆ ಮೀನು, ತನಗೆ ತನ್ನ ಜಾಗ, ಗುಟ್ಟು ಗುಟ್ಟಾಗಿಯೇ ಇರುತ್ತದೆ.

ಬೆಳಿಗ್ಗೆ ಎತ್ತಿನ ಬಂಡೆಯ ಹತ್ತಿರ ದೊಡ್ಡ ಎಂಜಿನ್ನು ನಿಂತಿತು. ಕಿನುಯೊ ಹಿಂದೆ ಕೂತು ಪುಟ್ಟ ಮೋಟಾರಿನ ಹಿಡಿಯನ್ನು ಎಡಗೈಯಲ್ಲಿ ಹಿಡಿದಳು. ಅದು ಕೈಯೆಲ್ಲ ನಡುಗಿಸುತ್ತಿತ್ತು. ಪೈನ್ ಮರ ಹೊಗೆಕೊಳವೆಗೆ ಕೂಡಿತು.

“ಇಲ್ಲೇ ನಿಲ್ಲಿಸು!”

“ಹೂಂ.”

ಟೊಕುಜೊ ಸಿಗಡಿಯ ಬುಟ್ಟಿಗೆ ಬಗ್ಗಿದ. ಅವಳು ಮೆಲ್ಲಗೆ ಹಿಡಿ ತಿರುಗಿಸಿದಳು. ಹುಟ್ಟಿಗೆ ಬಾಯಿ ಇರಲಿಲ್ಲ. ಈ ದರಿದ್ರ ಮೋಟಾರು ಚಾಡಿ ಹೇಳುವವರಂತೆ ಡರ್ರೆಂದು ಮುಂದೆ ಕೂತವನ ಕಿವಿಗೆ ಬೀಳುವ ಹಾಗೆ ದನಿ ಏರಿಸಿತು.

ಟೊಕುಜೊ ತಟ್ಟನೆ ತಲೆಯೆತ್ತಿದ. “ಏಯ್, ಎಲ್ಲಿಗೆ ಹೋಗ್ತಿದೀಯ? ಗುರುತು ತಪ್ಪಿತು! ನಿಲ್ಲಿಸು ಅಂದೆನಲ್ಲ!”

ಕಿನುಯೊ ಹಿಡಿ ಬಿಡಲಿಲ್ಲ. ಸುಳ್ಳು ಹೇಳಲು ಎರಡು ಉಸಿರಿನಷ್ಟು ಸಮಯವಿತ್ತು. ಹೇಳಲಾಗಲಿಲ್ಲ.

“ಮೂವತ್ತೊಂದು ವರ್ಷದಲ್ಲಿ ನೀವು ಹೇಳಿದಲ್ಲಿ ಒಂದಿನಾನೂ ನಾನು ನಿಲ್ಲಿಸಿಲ್ಲ” ಅಂದಳು.

“ಏನಂದೆ?”

ಎಲ್ಲವನ್ನೂ ಹೇಳಿದಳು. ಮರಳು, ಬಂಡೆಯ ಮುಖ, ಅವನು ಸಿಗಡಿಗೆ ಬಗ್ಗುವ ಹೊತ್ತು, ಮೂವತ್ತು ಹುಟ್ಟು. ಹೇಳುವಾಗಲೂ ಎಡಗೈ ದೋಣಿಯನ್ನು ಮೇಲಕ್ಕೆ ಒಯ್ಯುತ್ತಲೇ ಇತ್ತು. ಟೊಕುಜೊನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

“ಅಂದ್ರೆ... ನಮ್ಮಪ್ಪನಿಗೂ?”

“ನಿಮ್ಮಮ್ಮನೇ ನಂಗೆ ಹೇಳಿಕೊಟ್ಟಿದ್ದು.”

ಅವನು ಹಲಗೆಯ ಮೇಲೆ ಕುಸಿದು ಕೂತ. ಊರೆಲ್ಲ ಹೊಗಳಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೀರನ್ನೇ ನೋಡಿದ. ಬೈಯಲಿ ಎಂದು ಅವಳು ಕಾದಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಗಂಡನ ಹೆಸರನ್ನೂ ತನ್ನ ಜಾಗವನ್ನೂ ಒಂದೇ ಉಸಿರಿಗೆ ನೀರಿಗೆ ಎಸೆದೆನಲ್ಲ ಎಂದು ಅವಳಿಗೆ ಅಳು ಬಂತು.

“ಬಿಡ್ರಿ ಗುಂಡು!” ಎಂದು ಅಳುವಿನ ನಡುವೆಯೇ ಕೂಗಿದಳು. “ಆಮೇಲೆ ಕೋಪ ಮಾಡ್ಕೊಳ್ಳಿ. ಈಗ ಬಿಡಿ!”

ಅವನ ಕೈ ತಾನಾಗಿ ಬಿಟ್ಟಿತು. ಅವಳು ಹಿಡಿಯನ್ನು ಸಡಿಲಿಸಿದಳು. ದೋಣಿ ನೀರಿನ ಜೊತೆ ಕೆಳಗೆ ಜಾರಿತು, ದಾರ ನೆಟ್ಟಗೆ ಇಳಿಯಿತು. ಗುಂಡು ತಳ ಮುಟ್ಟಿ ಇನ್ನೂ ಮೂರು ಉಸಿರಾಗಿರಲಿಲ್ಲ, ಟೊಕುಜೊನ ತೋಳು ಗಕ್ಕನೆ ಮೇಲೆದ್ದಿತು. ಮೇಲೆ ಬಂದ ಮೀನು ಒಂದು ಮೊಳ ಉದ್ದವಿತ್ತು, ಕೆಂಪಗೆ ಹೊಳೆಯುತ್ತಿತ್ತು. ಕೊಕ್ಕೆ ಬಿಡಿಸಿ ಅವನು ಬೆರಳುಗಳನ್ನು ತಿರುಗಿಸಿ ನೋಡಿಕೊಂಡ. ಬೆರಳಿಗೆ ಏನೂ ಆಗಿರಲಿಲ್ಲ.

“ಮೂವತ್ತು” ಎಂದು ಬೆನ್ನು ತಿರುಗಿಸಿಕೊಂಡೇ ಗೊಣಗಿದ. “ಮೂವತ್ತು ಅಷ್ಟೇ ತಾನೆ? ಅದನ್ನ ನಾನೇ ಎಣಿಸಬಲ್ಲೆ.”

ಅತ್ತೆ ಎಚ್ಚರಿಸಿದ್ದು ಇದನ್ನೇ. ಆದರೂ ನಿಜವನ್ನೇ ಹೇಳಿದಳು. “ದಿನಾ ಮೂವತ್ತಲ್ಲ. ಇವತ್ತಿನ ನೀರಿಗೆ ಹುಟ್ಟು ಹಾಕೋದಾದ್ರೆ ನಲವತ್ತು ಬೇಕಿತ್ತು. ಮೊನ್ನೆ ಇಪ್ಪತ್ತು ಸಾಕಿತ್ತೇನೋ.”

“ಅದು ಹೆಂಗೆ ಗೊತ್ತಾಗುತ್ತೆ?”

ಹೇಳಲು ಬಾಯಿ ತೆರೆದಳು. ಅಂಗಾಲಿಗೆ ತಾಗುವ ಹಲಗೆ, ಮೇಲೆ ಸುಳಿಯುವ ನೀರಿನ ಬಣ್ಣ, ಇನ್ನೂ ಏನೇನೋ. ಯಾವುದೂ ಮಾತಾಗಲಿಲ್ಲ. ಮುಚ್ಚಿಡುತ್ತಿರಲಿಲ್ಲ, ನಿಜಕ್ಕೂ ಅವಳಿಗೆ ಹೇಳಲು ಬರಲಿಲ್ಲ.

“ಗೊತ್ತಾಗುತ್ತೆ ಅಷ್ಟೇ” ಅಂದಳು.

ಟೊಕುಜೊ ಹೊಸ ಸಿಗಡಿ ಚುಚ್ಚಿ ಗುಂಡನ್ನು ನೀರಿನ ಮೇಲೆ ಹಿಡಿದು ನಿಂತ. ಮೋಟಾರು ಡರ್ರೆನ್ನುತ್ತ ಪ್ರವಾಹಕ್ಕೆ ಎದುರಾಗಿ ಏರುತ್ತಿತ್ತು. ಪೈನ್ ಮರ ಹೊಗೆಕೊಳವೆಗೆ ಕೂಡಿತು, ದಾಟಿತು, ದೂರ ಸರಿಯಿತು. ಅವನು ಆ ಕಡೆ ನೋಡಲಿಲ್ಲ. ಕತ್ತು ಹೊರಳಿಸಿ ಹೆಂಡತಿಯನ್ನು ನೋಡಿದ.

“ಬಿಡ್ಲಾ?” ಎಂದು ಕೇಳಿದ.

“ಇನ್ನೂ ಇಲ್ಲ” ಅಂದಳು ಕಿನುಯೊ. ಅವನು ಗುಂಡು ಹಿಡಿದುಕೊಂಡು ಕಾದ.